ಶಾರ್ಜಾದ ರಂಜಾನ್, ಹುಬ್ಬಳ್ಳಿಯ ಸುರಕುಂಬಾ

ರಂಜಾನ್ ಶುರುವಾದ ವಾರ ಶಾರ್ಜಾದಿಂದ ಊರಿಗೆ ಫೋನ್ ಮಾಡಿದ್ದೆ. ಹುಬ್ಬಳ್ಳಿಯಲ್ಲಿ ಅಣ್ಣ ಇನ್ನೂ ಅಂಗಡಿಯಲ್ಲೇ ಇದ್ದ. ನಾನು ಆಗಲೇ ಮನೆಗೆ ಬಂದು ಚಹಾ ಕುಡಿಯುತ್ತಿದ್ದೆ. ಇಷ್ಟು ಲಗೂನ ಹೆಂಗ ಬಂದಿ ಅಂದ. ರಂಜಾನ್ ಅಲ್ವಾ, ಆಫೀಸು ಎರಡು ತಾಸು ಕಡಿಮೆ ಅಂದೆ. "ಉಪಾಸ ಅವರದು, ಸೂಟಿ ನಿನಗ್ಯಾಕೋ? ಬಿಟ್ಟಿ ಸಿಕ್ಕೇತಿ, ಹೊಡಿ ಮಗನ" ಅಂತ ನಕ್ಕ.

ಅಣ್ಣ ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ. ಆದರೂ ಮಾತು ಚುಚ್ಚಿತು. ಫೋನ್ ಇಟ್ಟ ಮೇಲೂ ತಲೆಯಲ್ಲಿ ಅದೇ ಓಡುತ್ತಿತ್ತು.

ಇಲ್ಲಿ ಯುಎಇಯಲ್ಲಿ ರಂಜಾನ್ ತಿಂಗಳು ಪೂರ್ತಿ ಖಾಸಗಿ ಕಂಪನಿಯವರಿಗೂ ದಿನಕ್ಕೆ 2 ಗಂಟೆ ಕೆಲಸ ಕಡಿಮೆ. ಕಾರ್ಮಿಕ ಕಾನೂನಿನ ನಿಯಮಗಳಲ್ಲೇ ಬರೆದಿದೆ. ದಿನಕ್ಕೆ 8 ಗಂಟೆ ದುಡಿಯುವವರು 6 ಗಂಟೆ ದುಡಿದರೆ ಸಾಕು, ಸಂಬಳ ಹಿಡಿಯುವಂತಿಲ್ಲ. ನೀನು ಉಪವಾಸ ಇದ್ದೀಯಾ, ನಿನ್ನ ಧರ್ಮ ಯಾವುದು ಅಂತ ಯಾರೂ ಕೇಳುವುದಿಲ್ಲ. ಈಜಿಪ್ಟಿನವರು, ಫಿಲಿಪೀನ್ಸಿನವರು, ಮಲಯಾಳಿಗಳು, ನಾನು, ಎಲ್ಲರೂ ಒಂದೇ ಹೊತ್ತಿಗೆ ಎದ್ದು ಹೊರಡುತ್ತೇವೆ.

ನನಗೆ ಇದರಲ್ಲಿ ತುಂಬಾ ಹಿಡಿಸಿದ್ದು ಈ 'ಎಲ್ಲರೂ'. ಉಪವಾಸ ಇರುವವರಿಗೆ ಮಾತ್ರ ಬೇಗ ಬಿಟ್ಟಿದ್ದರೆ ಉಳಿದವರಿಗೆ ಹೊಟ್ಟೆಕಿಚ್ಚು ಆಗುತ್ತಿತ್ತು. ಅವರ ಪಾಲಿನ ಕೆಲಸ ನಮ್ಮ ತಲೆಗೆ ಬಂತು ಅಂತ ಒಬ್ಬ ಗೊಣಗುತ್ತಿದ್ದ, ಇನ್ನೊಬ್ಬ ಹೌದು ಅಂತಿದ್ದ. ಉಪವಾಸ ಇರುವವರಿಗೂ ಮುಜುಗರ. 2025ರಲ್ಲಿ ತೆಲಂಗಾಣ ಸರ್ಕಾರ ರಂಜಾನ್ ತಿಂಗಳಲ್ಲಿ ಮುಸ್ಲಿಂ ನೌಕರರು ಸಂಜೆ 4ಕ್ಕೇ ಹೋಗಬಹುದು ಅಂತ ಆದೇಶ ಮಾಡಿತು. ಒಳ್ಳೆಯ ಕೆಲಸವೇ. ಆದರೆ ಅದು ತಕ್ಷಣ ರಾಜಕೀಯ ಜಗಳವಾಯಿತು, ಅವರಿಗೆ ಯಾಕೆ, ನಮಗೆ ಯಾಕಿಲ್ಲ ಅಂತ. ಎಲ್ಲರಿಗೂ ಕೊಟ್ಟಾಗ ಆ ಪ್ರಶ್ನೆಯೇ ಏಳುವುದಿಲ್ಲ.

ಇಲ್ಲಿಗೆ ಬರುವ ಮೊದಲು ಬೆಂಗಳೂರಿನ ಒಂದು ಕಂಪನಿಯಲ್ಲಿದ್ದೆ. ನಮ್ಮ ಟೀಮಿನಲ್ಲಿ ವಿಜಯಪುರ ಕಡೆಯ ಹುಡುಗ ಒಬ್ಬನಿದ್ದ, ರಂಜಾನ್ ತಿಂಗಳು ಪೂರ್ತಿ ರೋಜಾ, ಅಂದರೆ ಉಪವಾಸ, ಇರುತ್ತಿದ್ದ. ದಿನಾ ಸಂಜೆ ಆರೂವರೆಗೆ ಅಮೆರಿಕದ ಕ್ಲೈಂಟ್ ಜೊತೆ ಕಾಲ್. ಇಫ್ತಾರ್, ಅಂದರೆ ಉಪವಾಸ ಬಿಡುವುದೂ, ಹೆಚ್ಚೂಕಮ್ಮಿ ಅದೇ ಹೊತ್ತಿಗೆ. ಹೊತ್ತಾದ ತಕ್ಷಣ ಮೈಕ್ ಮ್ಯೂಟ್ ಮಾಡುತ್ತಿದ್ದ. ಜೇಬಿನಿಂದ ಟಿಶ್ಯೂನಲ್ಲಿ ಸುತ್ತಿದ ಖರ್ಜೂರ ತೆಗೆದು ಬಾಯಿಗೆ ಹಾಕಿ, ಬೀಜ ಅದೇ ಟಿಶ್ಯೂಗೆ ಉಗುಳಿ, ಒಂದು ಗುಟುಕು ನೀರು ಕುಡಿಯುತ್ತಿದ್ದ. ಮರುಕ್ಷಣ ಮ್ಯೂಟ್ ತೆಗೆದು "ಯೆಸ್, ಐ ಆಮ್ ಹಿಯರ್" ಅನ್ನುತ್ತಿದ್ದ. ಹದಿಮೂರು ಗಂಟೆ ನೀರೂ ಇಲ್ಲದೆ ಇದ್ದವನಿಗೆ ಸಿಕ್ಕಿದ್ದು ಅಷ್ಟೇ ಬಿಡುವು. ಆ ಕಾಲ್ ಅರ್ಧ ಗಂಟೆ ಮುಂದೆ ಹಾಕೋಣ ಅಂತ ಮ್ಯಾನೇಜರ್ ಒಂದು ದಿನವೂ ಹೇಳಲಿಲ್ಲ. ಅವನೂ ಕೇಳಲಿಲ್ಲ. ಕೇಳಿದರೆ ಏನಂದುಕೊಳ್ಳುತ್ತಾರೋ ಅನ್ನುವ ಅಳುಕು ಅವನಿಗೆ ಇದ್ದೇ ಇತ್ತು.

ಹಾಗಂತ ನಮ್ಮವರಿಗೆ ವ್ರತ ಅಂದರೆ ಗೊತ್ತಿಲ್ಲವೇ? ಅದೇ ಆಫೀಸಿನಲ್ಲಿ ಡಿಸೆಂಬರ್ ಬಂತೆಂದರೆ ಅಯ್ಯಪ್ಪ ಮಾಲೆ ಹಾಕಿದವರು ಕಪ್ಪು ಬಟ್ಟೆಯಲ್ಲಿ, ಬರಿಗಾಲಲ್ಲಿ ಬರುತ್ತಿದ್ದರು. ಎಲ್ಲರೂ ಅವರನ್ನು ಸ್ವಾಮಿ ಅಂತಲೇ ಕರೆಯುತ್ತಿದ್ದರು. ಟೀಮ್ ಊಟ ಇದ್ದರೆ ಅವರಿಗೋಸ್ಕರ ಜಾಗ ಬದಲಾಗುತ್ತಿತ್ತು, ಪೂಜೆಗೆ ಬೇಗ ಹೋಗಬೇಕು ಅಂದರೆ ಯಾರೂ ತಡೆಯುತ್ತಿರಲಿಲ್ಲ. ನಮ್ಮಮ್ಮ ಶ್ರಾವಣ ಸೋಮವಾರ ಬಿಟ್ಟವಳಲ್ಲ. ಶಿವರಾತ್ರಿಗೆ ಓಣಿಗೆ ಓಣಿಯೇ ಉಪವಾಸ. ಉಪವಾಸದ ಹಸಿವು, ಮಧ್ಯಾಹ್ನದ ತಲೆನೋವು, ಸಂಜೆಯ ಸುಸ್ತು ಎಲ್ಲ ಗೊತ್ತಿರುವ ಜನ ನಾವು. ಅಂಥ ಜನ ವರ್ಷಾ ವರ್ಷಾ ಪಕ್ಕದ ಟೇಬಲಿನವನನ್ನು "ನೀರೂ ಕುಡಿಯಂಗಿಲ್ವಾ?" ಅಂತ ಹೊಸದಾಗಿ ಕೇಳುತ್ತೇವಲ್ಲ, ಅದು ನನಗೆ ಸಿಟ್ಟು ತರಿಸುತ್ತದೆ.

ಊರಲ್ಲಿ ನಮಗೆ ರಂಜಾನ್ ಅಂದರೆ ತಿಂಡಿ. ಬೆಂಗಳೂರಿನವರಿಗೆ ಫ್ರೇಜರ್ ಟೌನ್ ಮಸೀದಿ ರಸ್ತೆಯ ಹಲೀಮ್, ಸಮೋಸಾ. ಹುಬ್ಬಳ್ಳಿಯವರಿಗೆ ಶಾ ಬಜಾರದ ರಾತ್ರಿ ವ್ಯಾಪಾರ, ಹಬ್ಬದ ದಿನ ಸುರಕುಂಬಾ, ಅಂದರೆ ಹಾಲು-ಶಾವಿಗೆಯ ಪಾಯಸ. ಅದನ್ನು ಮಾಡುವ ಕೈಗಳು ಒಂದು ತಿಂಗಳು ನಸುಕಿನಲ್ಲಿ ಎದ್ದು ಸಹರಿ (ಉಪವಾಸಕ್ಕೆ ಮೊದಲಿನ ಊಟ) ಮಾಡಿವೆ, ದಿನವಿಡೀ ಖಾಲಿ ಹೊಟ್ಟೆಯಲ್ಲಿ ದುಡಿದಿವೆ ಅನ್ನೋದು ನಮ್ಮ ಮಾತಿನಲ್ಲಿ ಬರುವುದೇ ಇಲ್ಲ.

ಇಲ್ಲಿ ಆ ತಿಂಗಳು ಕಣ್ಣಿಗೆ ಬೀಳುತ್ತದೆ. ನಮ್ಮ ಆಫೀಸಿನ ಮಂಗಳೂರಿನ ಬ್ಯಾರಿ ಗೆಳೆಯರು ಒಂದು ಸಂಜೆ "ಬನ್ನಿ ಮಾರಾಯ್ರೆ, ಕೂತು ಹೋಗುವ" ಅಂತ ಮನೆ ಹತ್ತಿರದ ಮಸೀದಿಗೆ ಕರೆದುಕೊಂಡು ಹೋದರು. ಹೊರಗಿನ ಅಂಗಳದಲ್ಲಿ ಉದ್ದಕ್ಕೆ ಪ್ಲಾಸ್ಟಿಕ್ ಹಾಳೆ ಹಾಸಿದ್ದರು. ಪ್ರತಿಯೊಬ್ಬರ ಮುಂದೆ ಮೂರು ಖರ್ಜೂರ, ಒಂದು ಲಬನ್ (ಮಜ್ಜಿಗೆ), ನೀರಿನ ಬಾಟಲಿ, ಒಂದು ಕಿತ್ತಳೆ, ಫಾಯಿಲ್ ಡಬ್ಬಿಯಲ್ಲಿ ಬಿರಿಯಾನಿ. ನನ್ನ ಎಡಕ್ಕೆ ಬಾಂಗ್ಲಾದ ಒಬ್ಬ ಗಾರೆ ಕೆಲಸದವರು, ಕೈಯ ಗೆರೆಗಳಲ್ಲಿ ಇನ್ನೂ ಸಿಮೆಂಟ್. ಅವರು ಖರ್ಜೂರ ಎತ್ತಿ ಬೆರಳಲ್ಲಿ ಹಿಡಿದುಕೊಂಡರು, ಬಾಯಿಗೆ ಹಾಕಲಿಲ್ಲ. ಸಾಲು ಪೂರ್ತಿ ಹಾಗೇ, ಊಟ ಮುಂದೆ, ಕೈ ತೊಡೆ ಮೇಲೆ. ಅಜಾನ್ ಕೇಳಿದ ಮೇಲೆ ಅವರು ಮೊದಲು ತಮ್ಮ ಲಬನ್ ಮುಚ್ಚಳ ತೆಗೆದು ನನ್ನ ಮುಂದೆ ಇಟ್ಟರು, ಆಮೇಲೆ ತಾವು ತಿಂದರು. ನಾನು ಯಾರು, ಉಪವಾಸ ಇದ್ದೆನಾ ಅಂತ ಆ ಸಾಲಿನಲ್ಲಿ ಯಾರೂ ಕೇಳಲಿಲ್ಲ. ಇದು ಒಂದು ಸಣ್ಣ ಮಸೀದಿಯ ಕಥೆ. ಅಬುಧಾಬಿಯ ಶೇಖ್ ಜಾಯೆದ್ ಮಸೀದಿಯಲ್ಲಿ ದಿನಾ ಸಾವಿರಾರು ಜನ ಹೀಗೆ ಕೂರುತ್ತಾರೆ. ಸಿಗ್ನಲ್‌ಗಳಲ್ಲಿ ಹುಡುಗರು ಕಾರಿನ ಕಿಟಕಿಗೇ ಬಂದು ನೀರು, ಖರ್ಜೂರ ಕೊಡುತ್ತಾರೆ. ದುಬೈನ ಜೆಬೆಲ್ ಅಲಿ ಗುರುದ್ವಾರದವರೂ ಇಫ್ತಾರ್ ಮಾಡಿಸುತ್ತಾರೆ.

ಆದರೆ ಹಬ್ಬದ ದಿನ ಬಂದರೆ ನನಗೆ ಇಲ್ಲಿ ನಿಲ್ಲಲಾಗುವುದಿಲ್ಲ. ಬೆಳಗಿನ ನಮಾಜ್ ಮುಗಿದ ಮೇಲೆ ನಮ್ಮ ಬಿಲ್ಡಿಂಗ್ ಖಾಲಿ. ಅರಬ್ಬರು ತಮ್ಮ ತಮ್ಮ ದೊಡ್ಡ ಮನೆಗಳಿಗೆ, ನಮ್ಮವರು ಮಾಲ್‌ಗೆ ಇಲ್ಲ ವಿಮಾನಕ್ಕೆ. ಪಕ್ಕದ ಫ್ಲಾಟಿನಲ್ಲಿ ಯಾರಿದ್ದಾರೆ ಅಂತಲೇ ಗೊತ್ತಿಲ್ಲ. ಹುಬ್ಬಳ್ಳಿಯಲ್ಲಿ ಹಿಂದಿನ ಮನೆಯ ಚಾಚಿ ಹತ್ತು ಗಂಟೆಯೊಳಗೆ ಸ್ಟೀಲ್ ಡಬ್ಬಿ ಹಿಡಿದು ಬರುತ್ತಿದ್ದರು. ಗಟ್ಟಿ ಹಾಲು, ತುಪ್ಪದಲ್ಲಿ ಹುರಿದ ಶಾವಿಗೆ, ತೆಳ್ಳಗೆ ಹೆಚ್ಚಿದ ಉತ್ತತ್ತಿ. ಅಮ್ಮ ಡಬ್ಬಿ ತೊಳೆದು ಸಕ್ಕರೆ ಹಾಕಿಯೇ ವಾಪಸ್ ಕಳಿಸುತ್ತಿದ್ದಳು. ಇಲ್ಲಿ ಹೋಟೆಲಿನಲ್ಲಿ ಶೀರ್ ಖುರ್ಮಾ ಸಿಗುತ್ತದೆ. ಆ ರುಚಿ ಇಲ್ಲ.

2025ರಲ್ಲಿ ಇಲ್ಲಿಯ ಈದ್ ಮತ್ತು ನಮ್ಮ ಯುಗಾದಿ ಒಂದೇ ದಿನ ಬಂದವು, ಮಾರ್ಚ್ 30. ಬೇವು ಹುಡುಕಲು ಕಷ್ಟವಿಲ್ಲ, ಇಲ್ಲಿಯ ರಸ್ತೆ ಬದಿಯಲ್ಲೇ ಬೇವಿನ ಮರಗಳಿವೆ. ಬೇವು-ಬೆಲ್ಲ ಮಾಡಿ ಬ್ಯಾರಿ ಗೆಳೆಯರ ಮನೆಗೆ ಒಯ್ದೆವು, ಅವರು ತುಪ್ಪದನ್ನ ಬಡಿಸಿದರು. ಆದರೆ ನನ್ನ ಮನಸ್ಸಿದ್ದದ್ದು ಹುಬ್ಬಳ್ಳಿಯಲ್ಲಿ. ಊರಲ್ಲಿ ಈದ್ ಮರುದಿನ, 31ಕ್ಕೆ. ಅಂದರೆ ಯುಗಾದಿ ಸಂಜೆ ನಮ್ಮ ಮನೆಯವರು ಚಂದ್ರನನ್ನು ನೋಡಲು ಮಾಳಿಗೆ ಹತ್ತಿದ್ದರು, ಹಿಂದಿನ ಮಾಳಿಗೆಯಲ್ಲಿ ಚಾಚಿಯವರ ಮನೆಯವರೂ ಅದೇ ಚಂದ್ರನಿಗೆ ಕಾಯುತ್ತಿದ್ದರು. ಅಂಥ ಸಂಜೆ ಈ ದೇಶದಲ್ಲಿ ಎಷ್ಟು ದುಡ್ಡು ಕೊಟ್ಟರೂ ಸಿಗದು.

ಇನ್ನೂ ಒಂದೆರಡು ಮಾತು ಹೇಳಲೇಬೇಕು, ಹೇಳದಿದ್ದರೆ ಇಲ್ಲಿಯದೆಲ್ಲ ಬಂಗಾರ ಅಂತ ಆಗುತ್ತದೆ. ಎರಡು ಗಂಟೆ ಕಡಿತ ಆಫೀಸಿನವರ ಪಾಲಿಗೆ ಸುಖ. ಬೈಕ್ ಮೇಲೆ ಊಟ ತಲುಪಿಸುವ ಹುಡುಗರಿಗೆ ಇಫ್ತಾರ್ ಹೊತ್ತೇ ಜಾಸ್ತಿ ಓಡಾಟ. ಅವರಲ್ಲಿ ಎಷ್ಟೋ ಜನ ತಾವೇ ರೋಜಾ ಇರುತ್ತಾರೆ, ಬೇರೆಯವರ ಬಾಗಿಲಲ್ಲಿ ಬೆಲ್ ಒತ್ತುತ್ತಾ ಉಪವಾಸ ಬಿಡುತ್ತಾರೆ. ಮತ್ತೆ ಇಲ್ಲಿ ರಾಜರು ಹೇಳಿದರೆ ಆಯಿತು, ನಮ್ಮಲ್ಲಿ ಎಲ್ಲರನ್ನೂ ಒಪ್ಪಿಸಿಕೊಂಡು ಹೋಗಬೇಕು. ಅದು ಸುಲಭವಲ್ಲ. ಯುಗಾದಿ ವಾರದ ನಡುವೆ ಬಂದರೆ ನಾನು ಇಲ್ಲಿ ನನ್ನ ಸ್ವಂತ ರಜೆ ಹಾಕಬೇಕು. ದೀಪಾವಳಿಗೂ ಅಷ್ಟೇ. ಕರ್ನಾಟಕದಲ್ಲಿ ಯುಗಾದಿಗೂ ಸರ್ಕಾರಿ ರಜೆ ಇದೆ, ರಂಜಾನ್‌ಗೂ ಇದೆ, ಬಕ್ರೀದ್, ಮೊಹರಂಗೂ ಇದೆ, ಅದೂ ಎಲ್ಲ ಧರ್ಮದವರಿಗೂ. ಆ ಮಟ್ಟಿಗೆ ಊರೇ ಮೇಲು, ಒಪ್ಪುತ್ತೇನೆ.

ಆದರೆ ಆ ರಜೆ ಒಂದು ದಿನದ್ದು. ನಾನು ಹೇಳುತ್ತಿರುವುದು ಅದರ ಹಿಂದಿನ ಇಪ್ಪತ್ತೊಂಬತ್ತು ಮೂವತ್ತು ದಿನಗಳ ಬಗ್ಗೆ. ಅದಕ್ಕೆ ಸರ್ಕಾರ, ಕಾನೂನು ಯಾವುದೂ ಬೇಡ. ಊರಲ್ಲಿ ಮ್ಯಾನೇಜರ್ ಆಗಿರುವವರು, ಅಂಗಡಿ ಇಟ್ಟವರು, ಈ ಸಲ ಆರೂವರೆ ಕೆಲಸವನ್ನು ನಾಲ್ಕೂವರೆಗೆ ಮುಗಿಸಿ ನೋಡಿ. ಒಬ್ಬರಿಗೆ ಅಂತ ಬೇಡ, ಎಲ್ಲರನ್ನೂ ಮನೆಗೆ ಕಳಿಸಿ.