ಕೊಸರು

ಊರ ಶಾಲೆಯ ಗೆಳೆಯರ ವಾಟ್ಸಾಪ್ ಗುಂಪಿನಲ್ಲಿ ಮೊನ್ನೆ ಯಾರೋ ಒಂದು ಫೋಟೋ ಹಾಕಿದ್ದರು. ಸಾಲಾಗಿ ಗಾಜಿನ ಭರಣಿಗಳು. ಒಳಗೆ ಕಂಬರಕಟ್ಟು, ಜೇನು ಮಿಠಾಯಿ, ನಿಂಬೆಹುಳಿ ಪೆಪ್ಪರ್‌ಮೆಂಟು. ಕೆಳಗೆ ‘ಇವನ್ನೆಲ್ಲ ತಿಂದೋರು ಕೈ ಎತ್ರಪ್ಪಾ’ ಅಂತ ಬರಹ. ಗುಡ್ ಮಾರ್ನಿಂಗ್ ಬಿಟ್ಟು ಬೇರೇನೂ ಬಾರದ ಗುಂಪು ಅವತ್ತು ರಾತ್ರಿ ಹನ್ನೊಂದರವರೆಗೆ ಮಲಗಲಿಲ್ಲ. ನಾನೂ ಕೈ ಎತ್ತಿದೆ.

ಮಂಡ್ಯ ಕಡೆಯ ನಮ್ಮೂರಲ್ಲಿ 1980ರ ದಶಕದ ಕೊನೆಗೆ ಇದ್ದದ್ದು ಅದೊಂದೇ ಅಂಗಡಿ. ಬೋರ್ಡಿಲ್ಲ, ಹೆಸರಿಲ್ಲ, ‘ಅಂಗಡಿ’ ಅಂದರೆ ಸಾಕು. ಎತ್ತರದ ಜಗಲಿ, ಅದರ ಮೇಲೆ ಹಲಗೆ, ಹಲಗೆಯ ಹಿಂದೆ ಕಾಲು ಮಡಚಿ ಕೂತ ಅಂಗಡಿ ತಾತ. ಸೂರಿನಿಂದ ಒಂದು ಬಾಳೆಗೊನೆ, ಒಂದು ನೂಲುಂಡೆ ನೇತಾಡೋವು. ಹೊರಗಿನ ಕಂಬಕ್ಕೆ ಬೀಡಿ ಹಚ್ಚಿಕೊಳ್ಳೋರಿಗೆ ಅಂತ ತೆಂಗಿನ ನಾರಿನ ಹಗ್ಗ, ತುದಿಯಲ್ಲಿ ಸದಾ ಕೆಂಡ. ತಾತ ಪೊಟ್ಟಣ ಕಟ್ಟೋದನ್ನ ನೋಡೋಕೇ ನಾನು ನಿಲ್ಲುತ್ತಿದ್ದೆ. ಹಳೇ ಪೇಪರ್ ಹಾಳೆ ಅಂಗೈಯಲ್ಲಿ ಒಂದು ಸುತ್ತು ಸುತ್ತಿದರೆ ಚೂಪು, ಸಕ್ಕರೆ ಸುರಿದು ಬಾಯಿ ಮಡಚಿ, ಮೇಲಿನಿಂದ ನೂಲೆಳೆದು ಎರಡು ಸುತ್ತು, ಬೆರಳಿಗೆ ಸಿಕ್ಕಿಸಿ ಚಟ್ ಅಂತ ಕತ್ತರಿಸೋರು. ಕತ್ತರಿ ಮುಟ್ಟಿದ್ದನ್ನ ನಾನಂತೂ ಕಾಣೆ.

ನಮ್ಮ ಕೈಯಲ್ಲಿ ಇರುತ್ತಿದ್ದದ್ದು ಹತ್ತು ಪೈಸೆ, ಅಂಚೆಲ್ಲ ಅಲೆಅಲೆಯಾಗಿದ್ದ ಅಲ್ಯೂಮಿನಿಯಂ ಬಿಲ್ಲೆ. ಇಪ್ಪತ್ತು ಪೈಸೆಗೆ ಆರು ಮೂಲೆ. ಕಾಲು ರೂಪಾಯಿ ಸಿಕ್ಕಿತೋ, ಅವತ್ತು ನಾವೇ ಮಹಾರಾಜರು. ಆಣೆ ಲೆಕ್ಕ ಹೋಗಿ ಪೈಸೆ ಬಂದದ್ದು 1957ರಲ್ಲಿ, ನಮ್ಮಜ್ಜಿಗೆ ಮಾತ್ರ ಸಾಯೋವರೆಗೂ ಅದು ನಾಲ್ಕಾಣೆಯೇ. ಆ ನಾಲ್ಕಾಣೆಯೂ 2011ರ ಜೂನ್ 30ಕ್ಕೆ ಚಲಾವಣೆಯಿಂದ ಹೋಯಿತು. (ಎಂಟಾಣೆ ಕಾನೂನು ಪ್ರಕಾರ ಇನ್ನೂ ನಡೆಯುತ್ತೆ. ಬಸ್ಸಲ್ಲಿ ಕೊಟ್ಟು ಕಂಡಕ್ಟರ್ ಮುಖ ನೋಡಿ ಒಂದ್ಸಲ.)

ತಿಂಡಿಯ ವಿಷಯಕ್ಕೆ ಬಂದರೆ, ಸತ್ಯ ಹೇಳಿಬಿಡ್ತೀನಿ, ಅವೇನೂ ಅಂಥ ಅಮೃತವಲ್ಲ. ಕಂಬರಕಟ್ಟು ಬೆಲ್ಲ-ಕಾಯಿತುರಿ ಪಾಕದ ಉಂಡೆ, ಹಲ್ಲು ಕೀಳುವಷ್ಟು ಗಟ್ಟಿ. ಹಳದಿ ಬೋಟಿಯನ್ನ ಐದು ಬೆರಳಿಗೂ ತೊಟ್ಟುಕೊಂಡು ತಿಂದ ಖುಷಿ ನೆನಪಿದೆ, ರುಚಿ ನೆನಪಿಲ್ಲ. ಜೇನು ಮಿಠಾಯಿಯಲ್ಲಿ ಜೇನೂ ಇಲ್ಲ, ಮಣ್ಣೂ ಇಲ್ಲ. ಉದ್ದು-ಅಕ್ಕಿ ಹಿಟ್ಟಿಗೆ ಬಣ್ಣ ಹಾಕಿ ಕರಿದು ಸಕ್ಕರೆ ಪಾಕದಲ್ಲಿ ಅದ್ದಿದ್ದು. ಕಚ್ಚಿದರೆ ಪಾಕ ಗಲ್ಲದ ಮೇಲೆಲ್ಲ ಇಳಿಯೋದು. ಈಗ ಆನ್‌ಲೈನಲ್ಲಿ ‘ತೊಂಬತ್ತರ ದಶಕದ ಮಿಠಾಯಿ ಡಬ್ಬಿ’ ಅಂತ ಮಾರ್ತಾರೆ. ತರಿಸಿದ್ದೆ. ಎರಡು ತಿಂದು ಡಬ್ಬಿ ಮುಚ್ಚಿಟ್ಟೆ.

ನನಗೆ ಬೇಕಾಗಿದ್ದು ಕೊಸರು.

ಈ ಪದವನ್ನ ಮಗಳಿಗೆ ಬಿಡಿಸಿ ಹೇಳಬೇಕಾಯಿತು. ಅಜ್ಜಿ ಅರ್ಧ ಕೆ.ಜಿ. ಹುರಿಗಡಲೆ ತಾ ಅಂತ ಕಳಿಸಿದರೆ, ತಕ್ಕಡಿ ಮುಳ್ಳು ನೆಟ್ಟಗೆ ನಿಂತ ಮೇಲೆ ತಾತ ಮೂರು ಬೆರಳಲ್ಲಿ ಇನ್ನೊಂದು ಚಿಟಿಕೆ ಎತ್ತಿ ಹಾಕೋರು. ಲೆಕ್ಕಕ್ಕಿಲ್ಲದ್ದು ಅದು. ಬಕೆಟ್ ಬೆಲ್ಲ ಒಡೆಯುವಾಗ ಸಿಡಿದ ಚೂರು ನಮ್ಮ ಅಂಗೈಗೆ. ಅದೂ ಕೊಸರೇ. ಕೊಸರಿಲ್ಲದ ಪೊಟ್ಟಣ ತಂದರೆ ಅಜ್ಜಿಗೆ ಕೈಯಲ್ಲಿ ಹಿಡಿದ ತಕ್ಷಣ ಗೊತ್ತಾಗೋದು. ‘ಹೋಗು, ಕೊಸರು ಎಲ್ಲಿ ಅಂತ ಕೇಳ್ಕೊಂಡು ಬಾ’ ಅಂತ ವಾಪಸ್ ಅಟ್ಟೋಳು.

ಹಾಗಂತ ತಾತ ಧರ್ಮರಾಯನೇನಲ್ಲ. ‘ಕೊಸರು ಕೊಡೋನು ತೂಕದಲ್ಲಿ ಮೊದಲೇ ಕಿತ್ಕೊಂಡಿರ್ತಾನೆ’ ಅನ್ನೋದು ನಮ್ಮ ಚಿಕ್ಕಪ್ಪನ ಮಾತು. ತಕ್ಕಡಿ ತಟ್ಟೆಯ ತಳಕ್ಕೆ ಹುಣಸೆಹಣ್ಣು ಅಂಟಿಸೋ ವಿದ್ಯೆ ಆಗಿನ ಅಂಗಡಿಯವರಿಗೆ ಯಾರೂ ಕಲಿಸಬೇಕಿರಲಿಲ್ಲ. ‘ಇಂದು ನಗದು, ನಾಳೆ ಸಾಲ’ ಅಂತ ಗೋಡೆ ಮೇಲೆ ಬರೆಸಿಟ್ಟೂ ಕಬ್ಬಿನ ದುಡ್ಡು ಬರೋವರೆಗೆ ಅರ್ಧ ಊರಿಗೆ ಸಾಲ ಬರಕೊಂಡು ಕೊಡೋರು. ಆ ಪುಸ್ತಕದಲ್ಲಿ ಏನು ಬರೆದರು ಅಂತ ಓದಿ ನೋಡೋರು ಎಷ್ಟು ಜನ?

ಆದರೂ ನಾನು ಗುಂಪಲ್ಲಿ ಉದ್ದಕ್ಕೆ ಬರೆದೆ. ಹತ್ತು ನಿಮಿಷದಲ್ಲಿ ಬಾಗಿಲಿಗೆ ಸಾಮಾನು ತಂದಿಡೋ ಆ್ಯಪಿಗೆ ಕೊಸರು ಗೊತ್ತೇನ್ರೋ, ಸೂಪರ್ ಮಾರ್ಕೆಟ್ಟಿನ ಮಿಷನ್ನು ಗ್ರಾಂ ಮೇಲೆ ಗ್ರಾಂ ಬಿಡಲ್ಲ, ಅಲ್ಲಿ ಮುಖ ನೋಡಿ ಮಾತಾಡ್ಸೋರಿಲ್ಲ, ಹೀಗೆ. ಮೂವತ್ತು ಹೃದಯ ಬಂದವು.

ಆಮೇಲೆ ಒಬ್ಬ ಗೆಳೆಯ ಒಂದೇ ಸಾಲು ಹಾಕಿದ: ‘ನಂಗೆ ಯಾವತ್ತೂ ಕೊಸರು ಸಿಕ್ಕಿಲ್ಲ ಕಣ್ರಪ್ಪಾ.’

ನಾಲ್ಕನೇ ಕ್ಲಾಸಿನವರೆಗೆ ನನ್ನ ಪಕ್ಕದಲ್ಲೇ ಕೂರುತ್ತಿದ್ದವನು. ಮನೆ ಊರಾಚೆಯ ಕೇರಿಯಲ್ಲಿ. ಶಾಲೆ ಬಿಟ್ಟ ಮೇಲೆ ಅಂಗಡಿಗೆ ಒಟ್ಟಿಗೇ ಹೋಗುತ್ತಿದ್ದೆವು. ನಾನು ಜಗಲಿ ಹತ್ತಿ ಹಲಗೆಗೆ ಮೊಣಕೈ ಊರುತ್ತಿದ್ದೆ. ಅವನು ಕೆಳಗೆ. ನನ್ನ ಕಾಸು ತಾತನ ಕೈಗೆ ಹೋಗೋದು, ಅವನದ್ದು ಜಗಲಿ ತುದಿಯ ಕಲ್ಲಿನ ಮೇಲೆ. ಅವನ ಕಂಬರಕಟ್ಟು ಒಂದು ಗೇಣು ಮೇಲಿಂದ ಅವನ ಅಂಗೈಗೆ ಬೀಳೋದು. ಇದನ್ನೆಲ್ಲ ನಾನು ಕಂಡಿದ್ದೇನೆ. ಮೂವತ್ತೈದು ವರ್ಷ ಅಂಗಡಿಯ ನೆನಪು ಹೇಳುವಾಗಲೆಲ್ಲ ನೂಲುಂಡೆ ಬಂತು, ಬೆಲ್ಲದ ಚೂರು ಬಂತು, ಆ ಕಲ್ಲು ಮಾತ್ರ ಬರಲಿಲ್ಲ.

ಕೊಸರು ಲೆಕ್ಕಕ್ಕಿಲ್ಲದ್ದು ಅಂದೆನಲ್ಲ, ತಪ್ಪು. ಅದಕ್ಕೆ ಬೇರೆಯದೇ ಲೆಕ್ಕವಿತ್ತು. ಮುಖ ನೋಡಿ ಕೊಡೋದು ಅಂದರೆ ಮುಖ ನೋಡಿ ಕೊಡದೇ ಇರೋದೂ ಹೌದು. ಮಿಷನ್ನಿಗೆ ಪ್ರೀತಿ ಗೊತ್ತಿಲ್ಲ ಅಂತ ಬೈದಿದ್ದೆ. ಅದಕ್ಕೆ ಕೇರಿಯೂ ಗೊತ್ತಿಲ್ಲ. ಬೆಲ್ಲದ ಚೂರಿನ ಆಸೆ ನನಗಿನ್ನೂ ಹೋಗಿಲ್ಲ, ಅದನ್ನ ಸುಳ್ಳು ಹೇಳಲ್ಲ. ಆದರೆ ‘ಆ ಕಾಲವೇ ಚೆಂದ’ ಅನ್ನೋ ಫೋಟೋಗೆ ಇನ್ನು ಕೈ ಎತ್ತೋಕೆ ಆಗಲ್ಲ.

ರಾತ್ರಿ ಅವನಿಗೆ ಫೋನ್ ಮಾಡಿದೆ. ಮಂಡ್ಯದಲ್ಲಿ ಎಲೆಕ್ಟ್ರಿಕ್ ಸಾಮಾನಿನ ಅಂಗಡಿ ಇಟ್ಟಿದ್ದಾನೆ, ಮಗ ಇಂಜಿನಿಯರಿಂಗು. ಬೇಜಾರಾಯ್ತೇನೋ ಅಂದರೆ ನಕ್ಕ. ಅಂಗಡೀದು ಏನು ನೆನಪಿದೆ ನಿನಗೆ ಅಂತ ಕೇಳಿದೆ.

‘ಆ ಕಂಬದಲ್ಲಿ ನೇತಾಕಿದ್ರಲ್ಲ, ಬೀಡಿ ಹಚ್ಚೋ ಹಗ್ಗ. ಅದರ ಹೊಗೆ ವಾಸನೆ ಕಣ್ಲಾ. ನಾನು ನಿಂತ್ಕೋತಿದ್ದುದು ಅದರ ಪಕ್ಕದಲ್ಲೇ ಅಲ್ವಾ.’