ಕಳ್ಳನಿಗೆ ಮೂರೇ ಮಂತ್ರ

ನನ್ನ ಕ್ಯಾರೆಕ್ಟರ್ ಶೀಟಿನಲ್ಲಿ, ಅಂದರೆ ಆಟದಲ್ಲಿ ನನ್ನ ಪಾತ್ರದ ವಿವರ ಬರೆದಿಡುವ ಹಾಳೆಯಲ್ಲಿ, ಒಂದು ತೂತಿದೆ. ರಬ್ಬರಿನಿಂದ ಉಜ್ಜಿ ಉಜ್ಜಿ ಆದ ತೂತು. ಹೆಸರು, ಪಂಗಡ, ಎತ್ತರ, ತೂಕ, ಕಣ್ಣಿನ ಬಣ್ಣ ಎಲ್ಲವನ್ನೂ ಒಂದೇ ಏಟಿಗೆ ಬರೆದು ಮುಗಿಸಿದ್ದೆ. ಮಂತ್ರಗಳ ಚೌಕದ ಮೂರನೆಯ ಸಾಲನ್ನು ಮಾತ್ರ ಬರೆದು ಅಳಿಸಿ, ಅಳಿಸಿ ಬರೆದು, ಕೊನೆಗೆ ಕಾಗದವೇ ನನ್ನ ಕಾಟ ತಾಳಲಾರದೆ ಬಾಯಿ ಬಿಟ್ಟುಕೊಂಡಿತು.

ಡಂಜನ್ಸ್ ಅಂಡ್ ಡ್ರಾಗನ್ಸ್ ಆಡದವರಿಗೆ ಎರಡು ಮಾತು. ಮೇಜಿನ ಸುತ್ತ ನಾಲ್ಕೈದು ಜನ ಕೂತಿರುತ್ತಾರೆ. ಡಿಎಂ, ಅಂದರೆ ಡಂಜನ್ ಮಾಸ್ಟರ್, ಅನ್ನಿಸಿಕೊಂಡವನು ಕಥೆ ಹೇಳುತ್ತಾನೆ, ಉಳಿದವರು ಕಥೆಯೊಳಗಿನ ಪಾತ್ರಗಳಾಗಿ ‘ನಾನು ಹೀಗೆ ಮಾಡ್ತೀನಿ’ ಅನ್ನುತ್ತಾರೆ, ಅದು ಆಯಿತೋ ಕೆಟ್ಟಿತೋ ಅನ್ನುವುದನ್ನು 20 ಮುಖದ ದಾಳ ಹೇಳುತ್ತದೆ. ಒಬ್ಬ ಕತ್ತಿ ಹಿಡಿದವನು, ಒಬ್ಬ ದೇವರ ಕಡೆಯವನು, ಒಬ್ಬ ಮಾಂತ್ರಿಕ, ಒಬ್ಬ ಕಳ್ಳ. ಆಟದ ಭಾಷೆಯಲ್ಲಿ ಕಳ್ಳನಿಗೆ ರೋಗ್ ಅನ್ನುತ್ತಾರೆ. ನಾನು ಯಾವಾಗಲೂ ರೋಗ್. ಯಾರದೋ ಪೆನ್ನು ಮರೆತು ಜೇಬಿಗೆ ಹಾಕಿಕೊಂಡು ಬಂದರೆ ಆ ರಾತ್ರಿ ನಿದ್ದೆ ಹತ್ತದ ಮನುಷ್ಯ ನಾನು. ಇಂಥ ಆಸೆಗಳನ್ನು ಇನ್ನೆಲ್ಲಿ ತೀರಿಸಿಕೊಳ್ಳಲಿ?

1974ರಲ್ಲಿ ಈ ಆಟ ಮೊದಲು ಅಚ್ಚಾದಾಗ ಕಳ್ಳ ಇರಲೇ ಇಲ್ಲ. ಮರುವರ್ಷದ ಪೂರಕ ಪುಸ್ತಕದಲ್ಲಿ, ಸಹಜವಾಗಿಯೇ, ಹಿಂಬಾಗಿಲಿನಿಂದ ಒಳಗೆ ಬಂದ. ಆಗ ಅವನಿಗೆ ಸ್ವಂತ ಮಂತ್ರ ಇರಲಿಲ್ಲ. ಹತ್ತನೆಯ ಲೆವೆಲ್ ಹೊತ್ತಿಗೆ ಮಾಂತ್ರಿಕರು ಬರೆದಿಟ್ಟ ಸುರುಳಿಗಳನ್ನು ಹೇಗೋ ಓದಿಕೊಳ್ಳುತ್ತಿದ್ದ, ಓದುವಾಗ ಎಡವಟ್ಟಾಗುವ ಸಂಭವವೂ ಇತ್ತು. ನನಗೆ ಆ ಹಳೆಯ ಕಳ್ಳನ ಮೇಲೆ ತುಂಬಾ ಪ್ರೀತಿ. ಕದ್ದ ವಿದ್ಯೆ ಅಂದಮೇಲೆ ಅಷ್ಟು ತಡವರಿಸಿದರೇ ಚೆಂದ. 2014ರ ಐದನೆಯ ಆವೃತ್ತಿಯ ಕಳ್ಳ ಸ್ವಲ್ಪ ಓದಿದವನು. ಮೂರನೆಯ ಲೆವೆಲ್ಲಿಗೆ ಆರ್ಕೇನ್ ಟ್ರಿಕ್‌ಸ್ಟರ್ ಅನ್ನುವ ದಾರಿ ಹಿಡಿದರೆ ಅವನಿಗೆ ಮಂತ್ರಗಳು ಸಿಗುತ್ತವೆ. ಎಷ್ಟು? ಮೂರು. ದಿನಕ್ಕೆ ಎಷ್ಟು ಸಲ ಹಾಕಬಹುದು? ಎರಡು ಸಲ. ಆ ಒಂದೊಂದು ಸಲಕ್ಕೂ ಸ್ಲಾಟ್ ಎಂದು ಹೆಸರು. ಸ್ಲಾಟ್ ಎರಡು ಖರ್ಚಾದರೆ ಮಲಗಿ ಎದ್ದಮೇಲೇ ಮುಂದಿನ ಮಾತು.

ನನ್ನ ಪಕ್ಕದಲ್ಲೇ ಕೂರುವ ಅಕ್ಕನ ಮಗಳು ವಿಜಾರ್ಡ್, ಅಂದರೆ ಮಾಂತ್ರಿಕಳು. ಅದೇ ಮೂರನೆಯ ಲೆವೆಲ್ಲಿನಲ್ಲಿ ಅವಳ ಮಂತ್ರಪುಸ್ತಕದಲ್ಲಿ 10 ಮಂತ್ರ, ದಿನಕ್ಕೆ 6 ಸ್ಲಾಟ್. ಬೇಡವೆನ್ನಿಸಿದರೆ ನಾಳೆ ಬೆಳಿಗ್ಗೆ ಬೇರೆ ಮಂತ್ರ ಸಿದ್ಧಮಾಡಿಕೊಂಡು ಬರುತ್ತಾಳೆ. ನಾನು ಆರಿಸಿದ್ದು ಮುಂದಿನ ಲೆವೆಲ್ ಬರುವವರೆಗೂ ನನ್ನ ಕೊರಳಿಗೆ; ಆಗಲೂ ಬದಲಾಯಿಸಬಹುದಾದ್ದು ಒಂದೇ ಒಂದು. ಉಳ್ಳವರಿಗೆ ಆಯ್ಕೆಯ ಸಂಕಟ ಗೊತ್ತಿರುವುದಿಲ್ಲ. ಅವಳು 10 ನಿಮಿಷದಲ್ಲಿ ಪಟ್ಟಿ ಮುಗಿಸಿ ದಾಳಗಳನ್ನು ಒಂದರ ಮೇಲೊಂದು ಪೇರಿಸುತ್ತಾ ಕೂತಳು. ನನಗೆ ಎರಡು ವಾರ ಹಿಡಿಯಿತು.

ಸಂಕಟಕ್ಕೆ ಇನ್ನೊಂದು ಕಾರಣವಿದೆ. ಆ ಮೂರರಲ್ಲಿ ಎರಡು ಇಂಥ ಶಾಖೆಯವೇ ಆಗಿರಬೇಕೆಂದು ನಿಯಮ. ಪುಸ್ತಕದಲ್ಲಿ ಇಲ್ಯೂಷನ್, ಎನ್‌ಚಾಂಟ್‌ಮೆಂಟ್ ಅಂತ ಇದೆ. ನಮ್ಮಲ್ಲಿ ಇನ್ನೂ ಒಳ್ಳೆಯ ಮಾತುಗಳಿವೆ: ಕಣ್ಕಟ್ಟು, ಮರುಳು. ಒಂದು ನೋಡುವವನ ಕಣ್ಣು ಕಟ್ಟುತ್ತದೆ, ಇನ್ನೊಂದು ಅವನ ಬುದ್ಧಿ ಕೆಡಿಸುತ್ತದೆ. ಮೂರನೆಯದು ಮಾತ್ರ ನಮ್ಮಿಷ್ಟ. 2024ರ ಪರಿಷ್ಕರಣೆಯಲ್ಲಿ ಈ ಕಟ್ಟುಪಾಡು ತೆಗೆದುಹಾಕಿ, ಮಾಂತ್ರಿಕನ ಪಟ್ಟಿಯಿಂದ ಯಾವುದನ್ನಾದರೂ ತಗೋ ಅಂದುಬಿಟ್ಟಿದ್ದಾರೆ. ಉದಾರವೇನೋ ಹೌದು. ಆದರೆ ನನ್ನಂಥವನಿಗೆ ಬೇಲಿ ಇದ್ದರೇ ವಾಸಿ. ಬೇಲಿ ಇಲ್ಲದಿದ್ದರೆ ಎಲ್ಲರೂ ಹೋಗಿ ಏಟು ತಡೆಯುವ ಶೀಲ್ಡ್ ಮಂತ್ರ ತಗೊಳ್ಳುತ್ತಾರೆ, ಬಾಗಿಲ ಕಾವಲುಗಾರನ ಮುಂದೆ ವೇಷ ಹಾಕಿಕೊಂಡು ನಿಲ್ಲುವ ಗೋಜಿಗೆ ಯಾರೂ ಹೋಗುವುದಿಲ್ಲ. ನಮ್ಮ ಡಿಎಂಗೂ ಇದೇ ಅಭಿಪ್ರಾಯ. ನಾವಿನ್ನೂ ಹಳೆಯ ಪುಸ್ತಕದಲ್ಲೇ ಇದ್ದೇವೆ.

ಮೂರು ಮಂತ್ರಗಳ ಲೆಕ್ಕಕ್ಕೆ ಸೇರದೆ ಕ್ಯಾಂಟ್ರಿಪ್ ಅನ್ನುವ ಚಿಲ್ಲರೆ ವಿದ್ಯೆಗಳೂ ಮೂರಿವೆ. ಅವಕ್ಕೆ ಸ್ಲಾಟ್ ಬೇಡ, ದಿನವಿಡೀ ಹಾಕುತ್ತಿರಬಹುದು. ಅದರಲ್ಲಿ ಮೇಜ್ ಹ್ಯಾಂಡ್ ಕೇಳದೆಯೇ ಬರುತ್ತದೆ, ಉಳಿದೆರಡನ್ನು ನಾವು ಆರಿಸಬೇಕು. ನನ್ನನ್ನು ಕೇಳಿದರೆ ಕಳ್ಳನ ನಿಜವಾದ ಮಂತ್ರ ಈ ಕೈಯೇ. ಗಾಳಿಯಲ್ಲಿ ತೇಲುವ ಒಂದು ಕೈ, 30 ಅಡಿ ದೂರದವರೆಗೆ ಹೋಗುತ್ತದೆ. ಮಾಂತ್ರಿಕರ ಕೈ ಎಲ್ಲರ ಕಣ್ಣಿಗೂ ಬೀಳುತ್ತದೆ, ಕಳ್ಳನದು ಕಾಣಿಸುವುದಿಲ್ಲ. ಕೋಣೆಯ ಈ ಮೂಲೆಯಲ್ಲಿ ಎರಡೂ ಕೈ ಕಟ್ಟಿಕೊಂಡು ಸಭ್ಯನಂತೆ ನಿಂತು, ಆ ಮೂಲೆಯಲ್ಲಿರುವವನ ಜೇಬಿನಿಂದ ಬೀಗದಕೈ ಎತ್ತಬಹುದು. ದೂರದಿಂದಲೇ ಬೀಗ ಬಿಚ್ಚಬಹುದು, ವಿಷದ ಮುಳ್ಳಿರುವ ಪೆಟ್ಟಿಗೆಯ ಕೀಲು ಕಳಚಬಹುದು. ಹೊಡೆಯಲು ಮಾತ್ರ ಬರುವುದಿಲ್ಲ, 10 ಪೌಂಡಿಗಿಂತ ಹೆಚ್ಚು ಹೊರುವುದಿಲ್ಲ. 10 ಪೌಂಡ್ ಅಂದರೆ ಸುಮಾರು ನಾಲ್ಕೂವರೆ ಕಿಲೋ. ಈ ಮಿತಿ ತಿಳಿದ ದಿನದಿಂದ ನನಗೆ ಕಥೆಯೊಳಗಿನ ಪ್ರತಿಯೊಂದು ವಸ್ತುವಿನ ತೂಕ ಕೇಳುವ ಚಟ ಹತ್ತಿದೆ. ರಾಜನ ಕಿರೀಟ ಎಷ್ಟು ತೂಗುತ್ತದೆ? ದೇವಿಯ ಕೈಯಲ್ಲಿರುವ ಬೆಳ್ಳಿಯ ಗೂಬೆ? ಒಂದು ದಿನ ಡಿಎಂ ತಾಳ್ಮೆಗೆಟ್ಟು, ‘ಈ ಲೋಕದಲ್ಲಿ ಇನ್ನುಮುಂದೆ ಎಲ್ಲದರ ತೂಕವೂ 11 ಪೌಂಡ್ ಕಣೋ’ ಎಂದ.

ಇನ್ನು ಕಣ್ಕಟ್ಟು. ಮೊದಲ ಸಾಲಿನಲ್ಲಿ ಯೋಚನೆಯೇ ಮಾಡದೆ ಡಿಸ್‌ಗೈಸ್ ಸೆಲ್ಫ್ ಎಂದು ಬರೆದೆ. ಒಂದು ಗಂಟೆ ಹೊತ್ತು ಬೇರೆಯವರ ರೂಪ. ಕಳ್ಳನಿಗೆ ಇದಕ್ಕಿಂತ ಇನ್ನೇನು ಬೇಕು? ಬರೆದಮೇಲೆ ಸಣ್ಣಕ್ಷರ ಓದಿದೆ. ಎತ್ತರದಲ್ಲಿ ಒಂದಡಿ ಹೆಚ್ಚುಕಡಿಮೆಯಷ್ಟೇ ಮಾಡಬಹುದು. ನನ್ನ ಪಾತ್ರದ ಹೆಸರು ಇಣಚಿ. ಹಾಫ್ಲಿಂಗ್ ಪಂಗಡದವನು, ಮೂರಡಿ ಎತ್ತರ. ಅಂದರೆ ನಾನು ಕನಸು ಕಂಡಿದ್ದ ಸೇನಾಪತಿ, ರಾಯಭಾರಿ, ಮಠದ ಹಿರಿಯ, ಯಾರೂ ಆಗುವ ಹಾಗಿಲ್ಲ. ಇಡೀ ಲೋಕದಲ್ಲಿ ನನಗೆ ದಕ್ಕಿದ ವೇಷಗಳು ಎರಡು: ದಾರಿ ತಪ್ಪಿದ ಮಗು, ಇಲ್ಲವೇ ಗಡ್ಡದ ಗಿಡ್ಡರ ಪಂಗಡವಾದ ಡ್ವಾರ್ಫ್‌ಗಳಲ್ಲೇ ಒಬ್ಬ ಕುಳ್ಳ. ಮಗುವಿನ ವೇಷ ಹಾಕಿದಾಗಲೆಲ್ಲ ಯಾರಾದರೂ ಎತ್ತಿಕೊಳ್ಳಲು ಬರುತ್ತಾರೆ. ಮುಟ್ಟಿದರೆ ಮುಗಿಯಿತು, ಇದು ಬರೀ ನೋಟಕ್ಕೆ ಮಾತ್ರ ಇರುವ ವೇಷ. ಡ್ವಾರ್ಫ್ ವೇಷದಲ್ಲಿ ಒಮ್ಮೆ ಕೋಟೆಯ ಬಾಗಿಲವರೆಗೆ ಭದ್ರವಾಗಿ ಹೋದೆ. ಕಾವಲಿನವನೂ ಡ್ವಾರ್ಫ್. ತನ್ನವರು ಸಿಕ್ಕ ಸಂತೋಷಕ್ಕೆ ಅವನು ನನ್ನ ಗಡ್ಡ ಹಿಡಿದು ಜಗ್ಗಿದ. ಅವನ ಕೈ ಗಡ್ಡದೊಳಗಿಂದ ಹಾದು ಆಚೆ ಬಂತು. ಇಬ್ಬರೂ ಸ್ವಲ್ಪ ಹೊತ್ತು ಆ ಕೈಯನ್ನೇ ನೋಡಿದೆವು. ಆಮೇಲೆ ನಾನು ಓಡಿದೆ.

ಮರುಳಿನ ವಿಷಯದಲ್ಲಿ ಲೆಕ್ಕ ಹಾಕುವುದು ಒಳ್ಳೆಯದು. ನಮ್ಮ ಮಂತ್ರ ತಗುಲಿದವನು ದಾಳ ಹಾಕಿ ತಪ್ಪಿಸಿಕೊಳ್ಳಬಹುದು. ಅವನು ದಾಟಬೇಕಾದ ಅಂಕೆ 8ರ ಮೇಲೆ ನಮ್ಮ ಪರಿಣತಿ, ಅದರ ಮೇಲೆ ಬುದ್ಧಿಶಕ್ತಿ ಸೇರಿಸಿದಷ್ಟು. ಮಾಂತ್ರಿಕನಿಗೆ ಬುದ್ಧಿಯೇ ಬಂಡವಾಳ. ಕಳ್ಳನಾದರೋ ಒಳ್ಳೆಯ ಅಂಕವನ್ನೆಲ್ಲ ಕೈಕಾಲಿನ ಚುರುಕಿಗೆ ಸುರಿದು, ಮಿಕ್ಕಿದ್ದನ್ನು ತಲೆಗೆ ಹಾಕಿರುತ್ತಾನೆ. ಇಣಚಿಯದು 8, 2, 2 ಸೇರಿ 12. ವಿಶೇಷ ಬಲವೇನೂ ಇಲ್ಲದ ಸಾಧಾರಣ ಕಾವಲುಗಾರನೂ 20ರಲ್ಲಿ 9 ಸಲ ತಪ್ಪಿಸಿಕೊಳ್ಳುತ್ತಾನೆ. ದಿನಕ್ಕೆ ಎರಡೇ ಸ್ಲಾಟ್ ಇರುವವನಿಗೆ ಇದು ದುಬಾರಿ ಜೂಜು. ಅದರಲ್ಲೂ ಚಾರ್ಮ್ ಪರ್ಸನ್ ಅನ್ನುವ ಮಂತ್ರವನ್ನು ಕಳ್ಳನಿಗೆ ಯಾಕೆ ಕೊಡುತ್ತಾರೋ ನನಗೆ ತಿಳಿಯದು. ಒಂದು ಗಂಟೆ ಅವನು ನಿಮ್ಮನ್ನು ಗೆಳೆಯ ಅಂದುಕೊಳ್ಳುತ್ತಾನೆ ಸರಿ. ಗಂಟೆ ಮುಗಿದ ಕ್ಷಣ, ತನ್ನನ್ನು ಮರುಳು ಮಾಡಿದ್ದು ನೀವೇ ಅನ್ನುವುದು ಅವನಿಗೆ ಗೊತ್ತಾಗುತ್ತದೆ. ಕದ್ದ ಮನೆಯಲ್ಲಿ ಹೆಸರು, ವಿಳಾಸ ಬರೆದಿಟ್ಟು ಬಂದ ಹಾಗೆ.

ಅದಕ್ಕೇ ಎರಡನೆಯ ಸಾಲಿಗೆ ಸ್ಲೀಪ್. ಹಳೆಯ ನಿಯಮದಲ್ಲಿ ಅದಕ್ಕೆ ತಪ್ಪಿಸಿಕೊಳ್ಳುವ ದಾಳವೇ ಇಲ್ಲ. ಎಂಟು ಮುಖದ ದಾಳ ಐದು ಉರುಳಿಸಿ, ಬಂದ ಮೊತ್ತದಷ್ಟು ಪ್ರಾಣಬಲಕ್ಕೆ, ತೀರಾ ಸೋತವರಿಂದ ಹಿಡಿದು ಒಬ್ಬೊಬ್ಬರನ್ನಾಗಿ ಮಲಗಿಸುತ್ತಾ ಹೋಗುವುದು. ಸರಾಸರಿ 22 ಚಿಲ್ಲರೆ ಬರುತ್ತದೆ. ಮೂರನೆಯ ಲೆವೆಲ್ಲಿನಲ್ಲಿ ಇಬ್ಬರು ಕಾವಲುಗಾರರಿಗೆ ಸಾಕು. ಮುಂದೆ ಶತ್ರುಗಳು ದಪ್ಪಗಾದ ಹಾಗೆ ಇದು ಕೆಲಸಕ್ಕೆ ಬಾರದು. ಇರಲಿ, ಸದ್ಯದ ಕಷ್ಟ ಸದ್ಯಕ್ಕೆ.

ಉಳಿದದ್ದು ಮೂರನೆಯ ಸಾಲು, ತೂತಿನ ಸಾಲು.

ಮೊದಲು ಬರೆದದ್ದು ಫೈಂಡ್ ಫೆಮಿಲಿಯರ್. ಒಂದು ಗೂಬೆ ಬಂದು ಜೊತೆಗಿರುತ್ತದೆ. ಶತ್ರುವಿನ ಮುಖದ ಮುಂದೆ ಸುಳಿದು ಗಮನ ಕೆಡಿಸುತ್ತದೆ, ಆ ಸಂದಿಯಲ್ಲಿ ಇಣಚಿ ಚುಚ್ಚಿದರೆ ಕಳ್ಳಪೆಟ್ಟಿನ ಹೆಚ್ಚುವರಿ ದಾಳಗಳು ಸಿಗುತ್ತವೆ. ಬಲ್ಲವರೆಲ್ಲ ಇದನ್ನೇ ಹೇಳುತ್ತಾರೆ, ಸರಿಯಾಗಿಯೇ ಹೇಳುತ್ತಾರೆ. ಆದರೆ ಗೂಬೆ ಸತ್ತರೆ? ಮಂತ್ರ ಹಾಕಲು ಒಂದು ಗಂಟೆ, 10 ಚಿನ್ನದ ನಾಣ್ಯದಷ್ಟು ಧೂಪದ ಸಾಮಗ್ರಿ, ಎರಡರಲ್ಲಿ ಒಂದು ಸ್ಲಾಟ್. ಅಳಿಸಿದೆ. ಶೀಲ್ಡ್ ಬರೆದೆ. ಏಟು ಬೀಳುವ ಕ್ಷಣದಲ್ಲಿ ರಕ್ಷಣೆಗೆ 5 ಹೆಚ್ಚು. ಇದೂ ಒಳ್ಳೆಯದೇ, ಆದರೆ ಏಟು ಬೀಳುವ ಜಾಗದಲ್ಲಿ ಕಳ್ಳ ನಿಂತಿರುವುದಾದರೂ ಯಾಕೆ? ಅಳಿಸಿದೆ. ಮತ್ತೆ ಗೂಬೆ. ಮತ್ತೆ ಶೀಲ್ಡ್. ಒಂದು ರಾತ್ರಿ ಎಚ್ಚರವಾಗಿ, ಬೆಂಕಿಯುಂಡೆ ಎಸೆಯುವ ಫೈರ್‌ಬಾಲ್ ಯಾವಾಗ ಸಿಗುತ್ತದೆಂದು ಲೆಕ್ಕ ಹಾಕಿದೆ. ನನ್ನ ಸೊಸೆಗೆ, ಅದೇ ಆ ಅಕ್ಕನ ಮಗಳಿಗೆ, 5ನೆಯ ಲೆವೆಲ್ಲಿಗೆ, ನನಗೆ 14ಕ್ಕೆ. ವಾರಕ್ಕೊಂದು ಸಲ ಆಡುವವರು ಅಷ್ಟು ದೂರ ನೋಡಬಾರದು.

ಕಳ್ಳನ ಮನಸ್ಸು ಹುಳ್ಳುಳ್ಳಗೆ ಅಂತಾರಲ್ಲ, ನನಗೆ ಆಗಿದ್ದೂ ಅದೇ. ಇಣಚಿಗೆ ಏನು ಬೇಕು ಅನ್ನುವುದನ್ನು ಬಿಟ್ಟು, ನನಗೆ ಯಾವುದರ ಭಯ ಅನ್ನುವುದನ್ನು ಹುಡುಕತೊಡಗಿದ್ದೆ. ಇಣಚಿ ಗೋಡೆ ಹತ್ತುವವನು, ಹಗ್ಗದ ಮೇಲೆ ನಡೆಯುವವನು. ನಾನು ಮೂರನೆಯ ಮಹಡಿಯ ಕಿಟಕಿಯಿಂದ ಇಣುಕಲೂ ಹೆದರುವವನು. ಕೊನೆಗೆ ಗೆದ್ದದ್ದು ನನ್ನ ಭಯವೇ. ಫೆದರ್ ಫಾಲ್ ಅನ್ನುವ ಮಂತ್ರವಿದೆ. ಯಾರಾದರೂ ಬೀಳುತ್ತಿರುವಾಗ ಆ ಕ್ಷಣಕ್ಕೇ ಹಾಕಬಹುದು, ಐದು ಜನರವರೆಗೆ ಗರಿಯ ಹಾಗೆ ನಿಧಾನಕ್ಕೆ ಇಳಿಸುತ್ತದೆ, ಒಬ್ಬರಿಗೂ ಗಾಯವಿಲ್ಲ. ಸಮಾಧಾನವಾಗಿ ಉಸಿರು ಬಿಟ್ಟು ಬರೆಯಲು ಪೆನ್ಸಿಲ್ ಊರಿದೆ. ಪೆನ್ಸಿಲ್ ಕಾಗದದ ಆಚೆ ಹೋಯಿತು. ಬರೆಯಲು ಜಾಗವಿಲ್ಲ. ಹೋಗಲಿ, ಇಷ್ಟು ತಿಣುಕಿ ಆರಿಸಿದ್ದು ಮರೆತುಹೋಗುತ್ತದೆಯೇ ಅಂದುಕೊಂಡೆ.

ತಿಂಗಳುಗಟ್ಟಲೆ ಯಾರೂ ಬೀಳಲಿಲ್ಲ. ಸಮತಟ್ಟಾದ ಬಯಲು, ಸಮತಟ್ಟಾದ ಜೌಗು. ಐದನೆಯ ಲೆವೆಲ್ಲಿನಲ್ಲಿ ಒಂದು ಹಾಳುಗೋಪುರ ಹತ್ತಿದೆವು. ಮೇಲಿನ ಅಂತಸ್ತಿನಲ್ಲಿ ನೆಲ ಕುಸಿಯಿತು. ನಾವು ನಾಲ್ವರು, ಜೊತೆಗೊಬ್ಬ ಸೆರೆಸಿಕ್ಕವನು, ಸರಿಯಾಗಿ ಐದು ಜನ. ‘40 ಅಡಿ. ಬೀಳ್ತಾ ಇದ್ದೀರಿ. ಯಾರಾದ್ರೂ ಏನಾದ್ರೂ ಮಾಡ್ತೀರಾ?’ ಎಂದು ಡಿಎಂ ಕೇಳಿದ. ಕೇಳುವಾಗ ನನ್ನ ಮುಖವನ್ನೇ ನೋಡುತ್ತಿದ್ದ ಅನ್ನುವುದು ಈಗ ನೆನಪಾಗುತ್ತದೆ.

ನಾನು ಎದ್ದು ನಿಂತು ಕೂಗಿದೆ: ‘ಮೇಜ್ ಹ್ಯಾಂಡ್! ಚಿನ್ನದ ಚೀಲ ಹಿಡ್ಕೋ!’

ನಿಯಮದ ಪ್ರಕಾರ ಬೀಳುತ್ತಿರುವಾಗ ಅದು ಆಗುವುದಿಲ್ಲ. ಡಿಎಂ ಮರುಕಪಟ್ಟು ಬಿಟ್ಟುಕೊಟ್ಟ. ಚೀಲದ ತೂಕ 9 ಪೌಂಡ್. ಅದು ಗಾಳಿಯಲ್ಲಿ ಸುಖವಾಗಿ ತೇಲಿತು. ನಾವು ಐವರೂ ದೊಪ್ಪನೆ ಬಿದ್ದೆವು, ಒಬ್ಬೊಬ್ಬರಿಗೆ ಆರು ಮುಖದ ದಾಳ ನಾಲ್ಕು. ಲೆಕ್ಕವೆಲ್ಲ ಬರೆದುಕೊಂಡು ಆದಮೇಲೆ ಸೊಸೆ ಮೆಲ್ಲಗೆ ಕೇಳಿದಳು: ‘ಮಾಮ, ನೀನು ಆ ಗರಿ ಮಂತ್ರ ತಗೊಂಡಿದ್ದೆ ಅಲ್ವಾ?’

ನಾನು ಶೀಟು ಎತ್ತಿ ತೂತಿನೊಳಗಿಂದ ಅವಳನ್ನು ನೋಡಿದೆ.

ಈಗ ಏಳನೆಯ ಲೆವೆಲ್ ಬಂದಿದೆ. ಎರಡನೆಯ ದರ್ಜೆಯ ಮಂತ್ರಗಳ ಬಾಗಿಲು ತೆರೆದಿದೆ, ಹೊಸದೊಂದನ್ನು ಆರಿಸಬಹುದು. ನನ್ನ ಮೂರು ಪ್ರತಿಬಿಂಬ ನಿಲ್ಲಿಸಿ ಶತ್ರುವನ್ನು ಗಲಿಬಿಲಿ ಮಾಡುವ ಮಿರರ್ ಇಮೇಜೋ, ಒಂದು ಗಂಟೆ ಕಣ್ಣಿಗೆ ಬೀಳದೆ ಓಡಾಡುವ ಇನ್ವಿಸಿಬಿಲಿಟಿಯೋ? ಎರಡನೆಯದನ್ನು ಹಾಕಿಕೊಂಡು ಯಾರಿಗಾದರೂ ಹೊಡೆದರೆ ಅಲ್ಲಿಗೇ ರೂಪ ಕಾಣಿಸಿಬಿಡುತ್ತದೆ. ಹೊಡೆಯದೆ ಇರುವುದು ಇಣಚಿಗೆ ಕಷ್ಟ, ನನಗೆ ಸುಲಭ. ಡಿಎಂ ಹೊಸ ಶೀಟು ಕೊಟ್ಟಿದ್ದಾನೆ, ಈ ಸಲ ದಪ್ಪ ಕಾಗದದ್ದು. ಸೋಮವಾರ ಇನ್ವಿಸಿಬಿಲಿಟಿ ಎಂದು ಬರೆದೆ. ಬುಧವಾರ ಅಳಿಸಿದೆ. ನಿನ್ನೆ ಮತ್ತೆ ಪೆನ್ಸಿಲ್ ಕೆತ್ತುತ್ತಾ ಕೂತಿದ್ದಾಗ ಸೊಸೆ ಬಂದು ಖಾಲಿ ಸಾಲನ್ನು ನೋಡಿದಳು.

‘ಹಾಗೇ ಇರಲಿ ಬಿಡು ಮಾಮ,’ ಎಂದಳು. ‘ಅದೃಶ್ಯ ಆಗೋ ಮಂತ್ರ ತಾನೆ? ಕಾಣಿಸಲೇಬೇಕು ಅಂತ ಏನಿದೆ?’