ತಮಾಷೆಗೆ ಅಂದೆ ಅಂದರೆ ಮುಗೀತಾ?

ದಾವಣಗೆರೆಯಲ್ಲಿ ಸಂಜೆ ಮಂಡಕ್ಕಿ ಮಿರ್ಚಿ ಅಂಗಡಿ ಮುಂದೆ ನಾಲ್ಕು ಜನ ಸೇರಿದರೆ ಯಾರದ್ದಾದರೂ ಕಾಲೆಳೆಯದೆ ಮಾತು ಮುಂದೆ ಹೋಗಲ್ಲ. ಅದು ನನಗೂ ಇಷ್ಟ. ಗೆಳೆಯರು ಕಿಚಾಯಿಸದೆ ಇನ್ಯಾರು ಕಿಚಾಯಿಸಬೇಕು? ಆದರೆ ಕಿಚಾಯಿಸುವುದಕ್ಕೂ ಹಂಗಿಸುವುದಕ್ಕೂ ವ್ಯತ್ಯಾಸ ಗೊತ್ತಿಲ್ಲದವರನ್ನು ಕಂಡರೆ ಮೈಯೆಲ್ಲ ಉರಿಯುತ್ತದೆ.

ನಮ್ಮ ಗುಂಪಿನಲ್ಲೊಬ್ಬ ಜಗಳೂರು ಕಡೆಯ ಹುಡುಗ ಇದ್ದಾನೆ. ಮಾತು ಸ್ವಲ್ಪ ತೊದಲುತ್ತದೆ. ಅವನು ಬಾಯಿ ತೆಗೆದ ತಕ್ಷಣ ಯಾರಾದರೊಬ್ಬ ಅದೇ ಥರ ತೊದಲಿ ಅಣಕಿಸುತ್ತಾನೆ. ಉಳಿದವರು ನಗುತ್ತಾರೆ. ಹುಡುಗನ ಮುಖ ಸಣ್ಣದಾದರೆ, 'ಸುಮ್ನೆ ತಮಾಷೆಗಪ್ಪ, ಇಷ್ಟಕ್ಕೆಲ್ಲಾ ಬೇಜಾರಾ?' ಅಂತ ಅವನ ಮೇಲೇ ತಪ್ಪು ಹೊರಿಸುತ್ತಾರೆ. ಈಗೀಗ ಅವನು ಮಾತಾಡುವುದನ್ನೇ ಕಡಿಮೆ ಮಾಡಿದ್ದಾನೆ. ಅದು ಯಾರ ಕಣ್ಣಿಗೂ ಬೀಳುತ್ತಿಲ್ಲ.

ನಮ್ಮ ಹಳ್ಳಿ ಮದುವೆಗಳಲ್ಲಿ ಬೀಗರ ಹಾಡು ಹಾಡುತ್ತಿದ್ದರಲ್ವಾ? ಬೀಗರ ಹೊಟ್ಟೆ, ಬೀಗಿತಿಯ ಸೀರೆ, ಜಿಪುಣತನ, ಯಾವುದನ್ನೂ ಬಿಡುತ್ತಿರಲಿಲ್ಲ. ಭರ್ಜರಿ ಗೇಲಿ! ಆದರೆ ಆ ಕಡೆಯವರೂ ತಿರುಗಿ ಹಾಡುತ್ತಿದ್ದರು, ಅಷ್ಟೇ ಜೋರಾಗಿ. ಇಲ್ಲಿ ತಿರುಗಿ ಹೇಳಲು ಆಗದವನನ್ನೇ ಹುಡುಕಿ ಆಡಿಕೊಳ್ಳುತ್ತಾರೆ. ಮೈ ಬಣ್ಣ, ದಪ್ಪ, ಇನ್ನೂ ಆಗದ ಮದುವೆ, ಸಿಗದ ಕೆಲಸ. ಇದರಲ್ಲಿ ನಗುವಂಥದ್ದು ಏನಿದೆ?

ಕಾಲೆಳೆಯಲೇಬೇಕಾ? ಸೋತ ಕ್ರಿಕೆಟ್ ಮ್ಯಾಚ್ ಇದೆ, ಹೊಸ ಹೇರ್‌ಕಟ್ ಇದೆ. ಅವನ ತೊದಲು ಮಾತನ್ನು ಬಿಟ್ಟುಬಿಡಿ.